ಹರಿದ ಎಳೆ, ನಡೆದ ಎಳೆ

ಬನಹಟ್ಟಿಯ ನಮ್ಮ ನೇಕಾರರ ಸಂಘದ ಕಚೇರಿಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುವವಳು ನಾನು. ಜಮಖಂಡಿಯಿಂದ ಬಸ್ಸು ತಡವಾದರೆ ಟಂಟಂ ಹಿಡಿಯುತ್ತೇನೆ. ಬಸ್ಸು ತಡವಾಗಬಹುದು, ನಾನು ತಡವಾಗಬಾರದು. ಬಾಗಿಲು ತೆರೆದು, ನೆಲ ಒರೆಸಿದ್ದಾರೋ ಇಲ್ಲವೋ ನೋಡಿ, ಕಂಪ್ಯೂಟರ್ ಹಚ್ಚಿ, ಹಿಂದಿನ ದಿನ ಯಾರು ಅದರ ಒಳಗೆ ಹೋದರು, ಯಾರಿಗೆ ಹೋಗಲು ಆಗಲಿಲ್ಲ, ಯಾರು ಯಾವ ಫೈಲು ಮುಟ್ಟಿದರು ಎಂಬ ಸಾಲುಗಳನ್ನು ಓದುತ್ತೇನೆ. ಚಹಾ ಆಮೇಲೆ.

ಹಾಗೆ ಓದುವಾಗ ಕಿಟಕಿಯ ಪಕ್ಕದ ಕುರ್ಚಿಯ ಕಡೆಗೆ ನೋಡುವುದಿಲ್ಲ. ಅಲ್ಲಿ ನಮ್ಮ ಡಿಸೈನ್ ಮಾಸ್ತರರು ಕೂಡುತ್ತಿದ್ದರು. ಅವರು ಆ ಕುರ್ಚಿ ಬಿಟ್ಟು ಹೋದದ್ದು ಇಂಥವೇ ಸಾಲುಗಳ ಕಾರಣದಿಂದ. ಸಾಲುಗಳಲ್ಲಿ ಸುಳ್ಳು ಇರಲಿಲ್ಲ. ನನ್ನನ್ನು ಇವತ್ತಿಗೂ ಚುಚ್ಚುವುದು ಅದೇ.

ನಾನು ನೌಕರಿ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಅಲ್ಲಿ ಪಾಳಿ ಮುಗಿಯಿತೆಂದು ಎದ್ದು ಹೋಗುವ ಹಾಗಿರಲಿಲ್ಲ. ಮುಂದಿನವರು ಬಂದು, ಯಾವ ಲೈನು ಸತ್ತಿದೆ, ಯಾವ ಊರು ಸಿಗುತ್ತಿಲ್ಲ ಎಂದು ಕೇಳಿಕೊಂಡು, ಹೆಡ್‌ಫೋನ್ ಹಾಕಿಕೊಂಡ ಮೇಲೆಯೇ ಕುರ್ಚಿ ಬಿಡಬೇಕು. ಆ ಶಿಸ್ತು ಮೈಗೆ ಹತ್ತಿಬಿಟ್ಟಿತು. ನಿವೃತ್ತಳಾದ ಮೇಲೆ ಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ, ಹಳೆಯ ಸೀರೆಗಳನ್ನು ಬಣ್ಣದ ಪ್ರಕಾರ ಇಟ್ಟೆ. ಮುಂದೇನು ಮಾಡಬೇಕೆಂದು ತಿಳಿಯದೆ ಕೂತಾಗ ಸಂಘದ ಚೇರಮನ್ನರು ಮನೆಗೆ ಬಂದರು.

"ಕಚೇರಿ ನೋಡಕೊಳ್ಳಾಕ ಒಬ್ಬರು ಬೇಕಾಗ್ಯಾರ್ರಿ ಬಾಯಾರ," ಎಂದರು. "ಬೈಯ್ಯೂ ಮಂದಿ ಇದ್ರ ಇನ್ನೂ ಛಲೋ."

"ಬೈಯ್ಲಿಕ್ಕೆ ನನಗ ಬರ್ತದ," ಎಂದೆ. ಹಾಗೆ ಸೇರಿಕೊಂಡೆ.

ಸಂಘದಲ್ಲಿ ಸೀರೆಗಳ ಅಂಚು, ಸೆರಗುಗಳ ವಿನ್ಯಾಸ ತಯಾರಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಹಿಂದಿನ ಶೆಡ್ಡಿನಲ್ಲಿರುವ ಯಂತ್ರ ಆ ಚಿತ್ರವನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತದೆ. ಆ ಕಾರ್ಡುಗಳ ಮಾಲೆಯನ್ನು ಮಗ್ಗದ ಮೇಲೆ ಏರಿಸಿದರೆ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಕೂಡುತ್ತದೆ, ಹೂವು ಮೂಡುತ್ತದೆ. ಬಿಡಿಸುವ ಕೆಲಸ ಮಾಸ್ತರರದು. ಅವರು ಶಾಲೆಯ ಮಾಸ್ತರರಲ್ಲ. ಚೌಕಳಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಒಂದೊಂದು ಮನೆ ತುಂಬುತ್ತಿದ್ದ ಕಾಲದಿಂದ ಈ ಕೆಲಸದಲ್ಲಿದ್ದವರು, ವಯಸ್ಸಾದ ಮೇಲೆ ಕಂಪ್ಯೂಟರ್ ಕಲಿತವರು. ಯಾರೋ ಮೊದಲು ಮಾಸ್ತರ ಅಂದಿದ್ದಾರೆ, ಅದೇ ಉಳಿದಿದೆ.

ನನಗೂ ಅವರಿಗೂ ಒಂದು ಹೊಂದಾಣಿಕೆ ಇತ್ತು. ಇಬ್ಬರೂ ವೇಳೆಗೆ ಸರಿಯಾಗಿ ಬರುವವರು, ಇಬ್ಬರೂ ಮೇಜಿನ ಮೇಲೆ ಬೇರೆಯವರ ಸಾಮಾನು ಇದ್ದರೆ ಸಹಿಸದವರು. ಅವರು ನನ್ನ ಸೀರೆಯ ಅಂಚು ನೋಡಿ, "ಇದು ನಮ್ಮದಲ್ರಿ ಬಾಯಾರ. ಮೂಲ್ಯಾಗ ತಪ್ಪೇತಿ" ಅನ್ನುವರು. ನಾನು ಮನೆಗೆ ಹೋಗಿ ಭೂತಗನ್ನಡಿ ಹಿಡಿದು ನೋಡಿದರೆ ತಪ್ಪು ಇರುತ್ತಿತ್ತು. ಮರುದಿನ ಅದನ್ನು ಉಟ್ಟುಕೊಂಡೇ ಹೋಗುತ್ತಿದ್ದೆ, ಅವರು ನೋಡಿಯೂ ನೋಡದ ಹಾಗೆ ನಗುವರು.

ಆಗ ಕಂಪ್ಯೂಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿತ್ತು. ಯಾರು ಬೇಕಾದವರು ಕೂಡುವರು, ಏನು ಬೇಕಾದದ್ದು ಮಾಡುವರು. ಒಮ್ಮೆ ಒಂದು ಸೆರಗಿನ ಚಿತ್ರದ ಮೇಲೆ ಯಾರೋ ನೂಲಿನ ದರಪಟ್ಟಿಯನ್ನು ಅದೇ ಹೆಸರಿನಲ್ಲಿ ಉಳಿಸಿಬಿಟ್ಟರು. ಸೆರಗು ಹೋಯಿತು, ದರ ಉಳಿಯಿತು. ಯಾರನ್ನು ಕೇಳಿದರೂ "ನಾ ಅಲ್ರಿ" ಎಂದರು. ಇದನ್ನು ಸರಿಪಡಿಸಬೇಕೆಂದು ನಾನು ಹಠ ಹಿಡಿದೆ.

ಮುಧೋಳದಿಂದ ಒಬ್ಬರನ್ನು ಕರೆಸಿದೆವು. ಇನ್ವರ್ಟರ್ ಬ್ಯಾಟರಿಯಿಂದ ಹಿಡಿದು ಕಂಪ್ಯೂಟರಿನ ತನಕ ಎಲ್ಲ ನೋಡುವ ಮನುಷ್ಯ, ನಡುವಯಸ್ಸಿನವರು, ಮಾತು ಬಹಳ, ಕೈ ಚುರುಕು. ಅವರು ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಮಾಡಿಕೊಟ್ಟರು. ಚೇರಮನ್ನರ ದರಪಟ್ಟಿಗಳ ಫೋಲ್ಡರನ್ನು ಚೇರಮನ್ನರ ಹೊರತು ಯಾರೂ ತೆರೆಯದ ಹಾಗೆ ಮಾಡಿಸಿದೆ. ನನಗೂ ಬೇಡ ಎಂದೆ. ನಿಯಮ ಅಂದರೆ ನಿಯಮ. ಎಲ್ಲ ಮುಗಿದ ಮೇಲೆ ಅವರು, "ಆಡಿಟ್ ಚಾಲೂ ಮಾಡ್ಲೇನ್ರಿ?" ಎಂದು ಕೇಳಿದರು.

ಚೇರಮನ್ನರ ಮುಖ ಬಾಡಿತು. ಪ್ರತಿ ವರ್ಷ ಇಲಾಖೆಯಿಂದ ಆಡಿಟರ್ ಬಂದಾಗ ಅವರು ಪಡುವ ಪಾಡು ಎಲ್ಲರಿಗೂ ಗೊತ್ತು. "ಈಗ್ಯಾಕ್ರಿ ಆಡಿಟ್? ಯಾರ್ ಬರಾವ್ರು? ಊಟಕ್ಕ ಎಷ್ಟ ಮಂದಿ?"

"ಯಾರೂ ಬರೂದಿಲ್ರಿ ಸಾಹೇಬ್ರ," ಎಂದರು ಮುಧೋಳದವರು. "ಕಂಪ್ಯೂಟರ್ ತನ್ನ ತಾನ ಬರಕೋತೈತಿ. ಯಾರ್ ಒಳಗ ಬಂದ್ರು, ಯಾವ ಫೈಲ್ ಮುಟ್ಟಿದ್ರು. ಅಷ್ಟ."

"ಊಟ ಕೇಳೂದಿಲ್ಲಲ್ಲ?"

"ಕರೆಂಟ್ ಕೇಳತೈತ್ರಿ."

ಹಾಗಾದರೆ ಆಗಲಿ ಎಂದರು ಚೇರಮನ್ನರು.

ಎಕ್ಸ್‌ಚೇಂಜಿನಲ್ಲಿ ಬೆಳೆದ ನನಗೆ ಇದು ಬಹಳ ಹಿಡಿಸಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಅವರು ಆಪರೇಟಿಂಗ್ ಸಿಸ್ಟಂನ ಒಳಗೆ ಭದ್ರತೆಯ ನಿಯಮಗಳಿರುವ ಕಡೆಗೆ ಹೋದರು. ಅಲ್ಲಿ ಒಂದೊಂದು ಬಗೆಯ ಘಟನೆಗೂ ಎದುರಿಗೆ ಎರಡು ಪುಟ್ಟ ಚೌಕಗಳು: ಒಂದು ಸಕ್ಸೆಸ್, ಇನ್ನೊಂದು ಫೇಲ್ಯೂರ್. ಒಬ್ಬರು ಸರಿಯಾದ ಪಾಸ್‌ವರ್ಡ್ ಹೊಡೆದು ಒಳಗೆ ಬಂದರೆ ಸಕ್ಸೆಸ್, ತಪ್ಪು ಹೊಡೆದರೆ ಫೇಲ್ಯೂರ್. ಫೈಲು ತೆರೆಯುವ, ಅಳಿಸುವ ಹಕ್ಕಿದ್ದವರು ಹಾಗೆ ಮಾಡಿದರೆ ಸಕ್ಸೆಸ್, ಹಕ್ಕಿಲ್ಲದವರು ಮಾಡಲು ಹೋಗಿ ಆಗದಿದ್ದರೆ ಫೇಲ್ಯೂರ್. ಎರಡನ್ನೂ ಗುರುತು ಮಾಡಿದರು. ಆಮೇಲೆ ವಿನ್ಯಾಸಗಳ ಫೋಲ್ಡರಿನ ಮೇಲೆ ಹೋಗಿ, ಯಾರೇ ಮುಟ್ಟಿದರೂ ಬರೆದುಕೋ ಎಂದು ಅದಕ್ಕೂ ಹೇಳಿದರು. ಬರೆದದ್ದನ್ನು ಓದುವ ಜಾಗವನ್ನೂ ತೋರಿಸಿದರು. ಸರಿಯಾಗಿ ಆದ ಸಾಲಿನ ಮುಂದೆ ಒಂದು ಚಿಕ್ಕ ಕೀಲಿಕೈ ಚಿತ್ರ, ಆಗದ ಸಾಲಿನ ಮುಂದೆ ಕೀಲಿ, ಅಂದರೆ ಬೀಗದ ಚಿತ್ರ.

"ಓದೂದು ಹಗರ ಐತ್ರಿ ಬಾಯಾರ. ಕೀಲಿಕೈ ಅಂದ್ರ ತಗದೈತಿ. ಕೀಲಿ ಅಂದ್ರ ತಗದಿಲ್ಲ."

ಮರುದಿನ ಬೆಳಿಗ್ಗೆ ಓದಲು ಕೂತೆ. ಕೀಲಿಕೈಗಳು ಸುರಿಯುತ್ತಿದ್ದವು. ಮಾಸ್ತರರು ಒಂದು ಚಿತ್ರ ತೆರೆದರೆ ಒಂದಲ್ಲ, ಸಾಲು ಸಾಲು ಕೀಲಿಕೈ. ಫೋಲ್ಡರಿನ ಮೇಲೆ ಹಾದುಹೋದರೂ ಕೀಲಿಕೈ. ಕಂಪ್ಯೂಟರ್ ತನ್ನ ಕೆಲಸಕ್ಕೆ ತಾನು ಒಳಗೆ ಹೋಗಿ ಬಂದದ್ದಕ್ಕೂ ಕೀಲಿಕೈ. ಚಹಾ ಆರಿತು, ಅರ್ಧ ದಿನ ಹೋಯಿತು, ಓದಿ ಮುಗಿಯಲಿಲ್ಲ. ಒಂದೆರಡು ದಿನದಲ್ಲಿ ಇನ್ನೊಂದು ಗೊತ್ತಾಯಿತು. ಬರೆದುಕೊಳ್ಳುವ ಜಾಗಕ್ಕೊಂದು ಮಿತಿ ಇದೆ, ಅದು ತುಂಬಿದ ಕೂಡಲೇ ಹಳೆಯ ಸಾಲುಗಳನ್ನು ಅಳಿಸಿ ಅವುಗಳ ಮೇಲೆ ಹೊಸದನ್ನು ಬರೆಯುತ್ತದೆ. ಮೊನ್ನೆಯದು ಕೇಳಿದರೆ ಇಲ್ಲ.

ಚೇರಮನ್ನರ ಎದುರಿಗೆ ಈ ಮಾತು ತೆಗೆದೆ. ಮಾಸ್ತರರು ಕಿಟಕಿಯ ಪಕ್ಕದಿಂದಲೇ ಕೇಳಿಸಿಕೊಂಡು ತಿರುಗಿದರು.

"ಬಾಯಾರ, ಮಗ್ಗದ ಮುಂದ ನಿಂತಾಂವ ಏನ ನೋಡ್ತಾನ್ರಿ? ಹರದ ಎಳಿ ನೋಡ್ತಾನ. ನಿಂದ್ರಸ್ತಾನ, ಗಂಟ ಹಾಕ್ತಾನ, ಚಾಲೂ ಮಾಡ್ತಾನ. ನಡದ ಎಳಿ ಯಾರ ಎಣಸ್ತಾರ್ರಿ? ಎಣಸ್ಕೋತ ಕುಂತ್ರ ಸೀರಿ ಯಾವಾಗ ಆಗಬೇಕು?"

ಚೇರಮನ್ನರು ತೊಡೆ ತಟ್ಟಿದರು. "ಖರೆ ಮಾತ. ಹರದದ್ದ ಅಷ್ಟ ಬರೀಲಿ."

ನನಗೂ ಅದು ಸರಿಯೆನಿಸಿತು. ಎಕ್ಸ್‌ಚೇಂಜಿನಲ್ಲೂ ಕೆಟ್ಟ ಲೈನುಗಳನ್ನಷ್ಟೇ ಹೇಳಿಕೊಂಡು ಪಾಳಿ ಬದಲಿಸುತ್ತಿದ್ದೆವು. ಚೆನ್ನಾಗಿ ಮಾತು ಹರಿದ ಲೈನಿನ ಬಗ್ಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಮುಧೋಳದವರಿಗೆ ಫೋನ್ ಮಾಡಿದೆವು. ಅವರು ಹೇಳಿದ ಹಾಗೆ ಒಂದೊಂದೇ ಒತ್ತುತ್ತಾ ಹೋಗಿ ಸಕ್ಸೆಸ್ ಚೌಕಗಳ ಗುರುತನ್ನೆಲ್ಲ ತೆಗೆದೆ. ಫೇಲ್ಯೂರ್ ಉಳಿಯಿತು. "ಹಳೇ ಸಾಲ ತುಂಬ್ಯಾವ್ರಿ, ಒಮ್ಮೆ ಖಾಲಿ ಮಾಡಿಬಿಡ್ರಿ" ಎಂದರು. ಅದನ್ನೂ ಮಾಡಿದೆ. ಮರುದಿನದಿಂದ ಓದುವುದು ಚಹಾ ಆರುವ ಮೊದಲೇ ಮುಗಿಯುತ್ತಿತ್ತು.

ಇನ್ನೊಂದು ನಿಯಮ ನನ್ನದೇ. ಪ್ರತಿ ತಿಂಗಳು ಒಂದನೇ ತಾರೀಖು ಎಲ್ಲರೂ ಪಾಸ್‌ವರ್ಡ್ ಬದಲಿಸಬೇಕು. ಚೇರಮನ್ನರು ಗೊಣಗಿದರು, ಬದಲಿಸಿದರು. ಮಾಸ್ತರರು ಗೊಣಗದೆ ಬದಲಿಸಿದರು.

ಅದಾದ ಮೇಲೆ ಬೆಳಗಿನ ಸಾಲುಗಳಲ್ಲಿ ಮಾಸ್ತರರ ಹೆಸರು ಬರತೊಡಗಿತು. ಕೀಲಿ, ಮಾಸ್ತರರ ಹೆಸರು. ಕೀಲಿ, ಮಾಸ್ತರರ ಹೆಸರು. ಬೆಳಿಗ್ಗೆ, ಮಧ್ಯಾಹ್ನ, ಊಟದ ಹೊತ್ತಿನಲ್ಲಿ.

"ಮಾಸ್ತರ, ಪಾಸ್‌ವರ್ಡ್ ನೆನಪ ಉಳಿಯವಲ್ದೇನು?" ಎಂದು ಕೇಳಿದೆ.

"ಒಂದ ಸಲ ಬಡೀತೇನ್ರಿ. ಒಂದ ಸಲಕ್ಕ ತಗೀತೈತಿ."

ಅವರಿಗೆ ನಾಚಿಕೆಯಾಗಿರಬೇಕೆಂದು ನಾನು ತಿಳಿದೆ. ಚಷ್ಮಾ ಬದಲಿಸುವ ವಯಸ್ಸು, ಅಕ್ಷರ ತಪ್ಪುತ್ತಿರಬೇಕು. ಮುಂದೆ ಕೇಳಲಿಲ್ಲ. ಸಾಲಿನ ಮೇಲೆ ಒತ್ತಿದರೆ ಕೆಳಗೆ ಇನ್ನಷ್ಟು ವಿವರ ತೆರೆಯುತ್ತದೆಂದು ಮುಧೋಳದವರು ಮೊದಲ ದಿನವೇ ತೋರಿಸಿದ್ದರು. ಹೆಸರು ಕಂಡ ಮೇಲೆ ಇನ್ನೇನು ಬೇಕು ಎಂದು ನಾನು ಅದನ್ನು ತೆರೆಯುತ್ತಿರಲಿಲ್ಲ.

ಆ ಸೀಜನ್ನಿಗೆ ಮಾಸ್ತರರು ಒಂದು ಹೊಸ ಅಂಚು ಬಿಡಿಸುತ್ತಿದ್ದರು. ಜೋಳದ ತೆನೆಯ ಅಂಚು. ತೆನೆ ಅಂದರೆ ಬರೀ ತೆನೆಯಲ್ಲ, ಹಾಲು ತುಂಬಿದ ಎಳೆ ಕಾಳಿನ ತೆನೆ, ಸ್ವಲ್ಪ ಬಾಗಿದ್ದು, ಒಂದರ ಬೆನ್ನಿಗೆ ಇನ್ನೊಂದು. ಚೌಕಳಿ ಮನೆಗಳಲ್ಲಿ ಬಾಗು ತರುವುದು ಬಹಳ ಕಷ್ಟ, ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅವರದು ಹಾಗೆ ಕಾಣುತ್ತಿರಲಿಲ್ಲ. ನಾನು ಹಿಂದೆ ನಿಂತು ನೋಡಿದರೆ, "ಇನ್ನ ಗಾಳಿ ಬೀಸಿಲ್ರಿ ಅದಕ್ಕ, ತಡೀರಿ," ಎನ್ನುವರು. ಚೇರಮನ್ನರು ಅದರ ಮೇಲೆ ಬಹಳ ಭರವಸೆ ಇಟ್ಟಿದ್ದರು. ಬಂದ ವ್ಯಾಪಾರಿಗಳಿಗೆಲ್ಲ ಕಂಪ್ಯೂಟರಿನ ಮುಂದೆ ತಾವೇ ಕೂತು ತೋರಿಸುತ್ತಿದ್ದರು.

ಅಂಚು ಮುಗಿದ ವಾರ ಅದರ ಫೋಲ್ಡರ್ ಕಾಣೆಯಾಯಿತು.

ಮಾಸ್ತರರು ಬೆಳಿಗ್ಗೆ ಬಂದು ಕೂತು, "ಬಾಯಾರ, ತೆನಿ ಇಲ್ಲ," ಎಂದರು. ಎಲ್ಲ ಕಡೆ ಹುಡುಕಿದರು. ನಾನು ಹುಡುಕಿದೆ. ಪ್ರತಿ ಶನಿವಾರ ಬೇರೆ ಡಿಸ್ಕಿಗೆ ನಕಲು ತೆಗೆಯುವ ರೂಢಿ ನಮ್ಮಲ್ಲಿತ್ತು, ಅದರಲ್ಲಿ ಅಂಚಿನ ಅರ್ಧವಷ್ಟೇ ಇತ್ತು. ಉಳಿದರ್ಧ ಆ ವಾರದ ಕೆಲಸ.

ರಬಕವಿಯ ಒಬ್ಬ ದೊಡ್ಡ ವ್ಯಾಪಾರಿ ಮಾಸ್ತರರನ್ನು ತನ್ನ ಕಡೆಗೆ ಕರೆಯುತ್ತಿದ್ದಾನೆಂಬ ಮಾತು ಮೊದಲಿನಿಂದ ಇತ್ತು. ಮಾಸ್ತರರೇ ನಗುತ್ತಾ ಹೇಳಿದ್ದ ಮಾತು ಅದು. ಈಗ ಯಾರೂ ನಗಲಿಲ್ಲ. ಚೇರಮನ್ನರು ಬಂದು ನನ್ನ ಮೇಜಿನ ಎದುರು ಕೂತರು.

"ಬಾಯಾರ, ಅದ ಆಡಿಟ್ ಐತಲ್ರಿ. ಅದರಾಗ ಏನ ಬಂದೈತಿ? ಪ್ರಿಂಟ್ ತಗೀರಿ."

ಪ್ರಿಂಟ್ ತೆಗೆದೆ. ಫೈಲು ಅಳಿಸಿದ್ದರ, ಸರಿಸಿದ್ದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಳೆಯ ತುಂಬ ಒಂದೇ ಹೆಸರು, ಹೆಸರಿನ ಮುಂದೆ ಫೇಲ್ಯೂರ್. ಸಂಘದ ಸಂಚಾಲಕರಿಬ್ಬರನ್ನು ಕರೆಸಿದ್ದರು. ಚೇರಮನ್ನರು ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಮಾಸ್ತರರು ನಿಂತೇ ಇದ್ದರು. ಕೂಡಿರಿ ಎಂದು ಯಾರೂ ಅನ್ನಲಿಲ್ಲ.

"ಮಾಸ್ತರ, ನಿಮ್ಮ ಹೆಸರೈತಿ ಇದು?"

"ಐತ್ರಿ."

"ಇಷ್ಟ ಸಲ ಯಾಕ ಬಡದೀರಿ? ನಿಮ್ಮ ಫೋಲ್ಡರ್ ನಿಮಗ ತಗೀತೈತಿ ಅಂತೀರಿ. ಮತ್ತ ಯಾವ ಬಾಗಲಾ ಬಡದ್ರಿ? ಏನ ತಗಿಯಾಕ ಹೊಂಟಿದ್ರಿ?"

"ನಾ ಬಡದಿಲ್ರಿ."

"ಹಾಳಿ ಸುಳ್ಳ ಹೇಳ್ತೈತೇನು?"

ಚೇರಮನ್ನರು ನನ್ನ ಕಡೆ ತಿರುಗಿದರು. ಹಾಳೆ ನಿಜವೇ ಎಂದು ಕೇಳಿದರು. ನಾನು, ಹಾಳೆಯಲ್ಲಿರುವುದು ಕಂಪ್ಯೂಟರ್ ಬರೆದದ್ದೇ, ಯಾರೂ ತಿದ್ದಿಲ್ಲ ಎಂದೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಅದು. ಕೇಳದ್ದನ್ನೂ ಹೇಳಬಹುದಿತ್ತೆಂದು ಈಗ ಅನಿಸುತ್ತದೆ. ಆದರೆ ಹೇಳಲು ನನಗೆ ಆಗ ಏನು ಗೊತ್ತಿತ್ತು?

ಮಾಸ್ತರರು ಹಾಳೆಯನ್ನು ಕೈಗೆತ್ತಿಕೊಂಡು, ಅಂಚಿನ ಚಿತ್ರ ನೋಡುವ ಹಾಗೆ, ಮೇಲಿನಿಂದ ಕೆಳಗೆ ನೋಡಿದರು.

"ಸಾಲ್ಯಾಗ ನಾ ಓದಿದ್ದು ಕಡಿಮಿ ಐತ್ರಿ," ಎಂದರು. "ಆದ್ರೂ ನನ್ನ ಹೆಸರ ಮುಂದ ಫೇಲ್ ಅಂತ ಅಲ್ಲೂ ಯಾರೂ ಬರದಿರಲಿಲ್ಲ."

ಹಾಳೆಯನ್ನು ಮಡಚದೆ, ಹೇಗಿತ್ತೋ ಹಾಗೆ ಮೇಜಿನ ಮೇಲೆ ಇಟ್ಟರು. ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಟವೆಲ್ ತೆಗೆದುಕೊಂಡರು. ಅವರನ್ನು ಯಾರೂ ಹೋಗು ಅನ್ನಲಿಲ್ಲ. ಯಾರೂ ಇರು ಎಂದೂ ಅನ್ನಲಿಲ್ಲ. ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿ ಅವರ ಅಕ್ಕನ ಮನೆ ಇತ್ತು. ಆ ವಾರವೇ ಅಲ್ಲಿಗೆ ಹೋದರೆಂದು ಕೇಳಿದೆವು.

ಅವರು ಹೋದ ಮರುದಿನ ಬೆಳಿಗ್ಗೆ ಎಂದಿನಂತೆ ಓದಲು ಕೂತೆ. ಕೀಲಿ, ಮಾಸ್ತರರ ಹೆಸರು. ಕೀಲಿ, ಮಾಸ್ತರರ ಹೆಸರು.

ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿತ್ತು. ನಾನು ಎದ್ದು ಹೋಗಿ ಅದನ್ನು ಮುಟ್ಟಿ ನೋಡಿದೆ. ಯಾಕೆ ಮುಟ್ಟಿದೆನೋ ಗೊತ್ತಿಲ್ಲ.

ಚೇರಮನ್ನರು ಬಂದ ಕೂಡಲೇ ತೋರಿಸಿದೆ. "ಅವರು ಇಲ್ಲೇ ಇಲ್ಲ. ಹೆಸರು ಬರ್ಲಿಕತ್ತದ ನೋಡ್ರಿ."

ಅವರು ಬಗ್ಗಿ ನೋಡಿದರು. "ಹೊರಗಿಂದ ಬಡಿಯಾಕತ್ತಿರಬೇಕು."

"ಬಾಡಗಂಡಿಯಿಂದ?"

"ಈಗಿನ ಕಾಲದಾಗ ಏನ ಆಗೂದಿಲ್ರಿ ಬಾಯಾರ? ಇಲ್ಲಿ ಕುಂತ ದಿಲ್ಲಿಯೊಳಗಿನ ಅಂಗಡ್ಯಾಗಿಂದ ಅಂಗಿ ತರಸ್ತಾರು."

ಮುಧೋಳದವರಿಗೆ ಫೋನ್ ಮಾಡಿದೆ. "ಬರ್ತೇನ್ರಿ" ಎಂದರು. ಕಬ್ಬಿನ ಹಂಗಾಮು ಶುರುವಾಗಿತ್ತು, ಕಾರ್ಖಾನೆಗಳ ಕಡೆಯ ಕೆಲಸ ಅವರ ತಲೆಯ ಮೇಲಿತ್ತು. ವಾರ ಹೋಯಿತು, ಇನ್ನೊಂದು ಹೋಯಿತು. ಪ್ರತಿದಿನ ಬೆಳಿಗ್ಗೆ ನಾನು ಆ ಹೆಸರನ್ನು ಓದುತ್ತಿದ್ದೆ. ಬಾಗಿಲ ಹೊರಗೆ ಯಾರೋ ನಿಂತು ಬಡಿಯುತ್ತಿದ್ದಾರೆ, ನಾವು ಒಳಗೆ ಕೂತು ಬಡಿತವನ್ನು ಬರೆದುಕೊಳ್ಳುತ್ತಿದ್ದೇವೆ ಎನಿಸುತ್ತಿತ್ತು.

ಕೊನೆಗೆ ಅವರು ಬಂದರು. ಬಂದವರೇ ಒಂದು ಸಾಲಿನ ಮೇಲೆ ಒತ್ತಿ, ಕೆಳಗಿನ ವಿವರ ಇಳಿಸಿ, ಬೆರಳಿಟ್ಟರು. "ಇಲ್ಲಿ ನೋಡ್ರಿ. ಎಲ್ಲಿಂದ ಬಂದೈತಿ ಅಂತ ಬರದೈತಿ."

ಅಲ್ಲಿ ಒಂದು ಯಂತ್ರದ ಹೆಸರಿತ್ತು. ಹಿಂದಿನ ಶೆಡ್ಡಿನಲ್ಲಿ ಕಾರ್ಡಿಗೆ ತೂತು ಹೊಡೆಯುವ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನ ಹೆಸರು. ಬೇರೆ ಬೇರೆ ಹೆಸರು ಬಂದ ಹೊಸತರಲ್ಲಿ ಮಾಸ್ತರರು ಒಮ್ಮೆ ಶೆಡ್ಡಿನವರಿಗೆ ಏನೋ ತೋರಿಸಲು ಅಲ್ಲಿಂದ ಇಲ್ಲಿಗೆ ಸಂಪರ್ಕ ಹಾಕಿದ್ದರು, ಪಾಸ್‌ವರ್ಡ್ ನೆನಪಿಟ್ಟುಕೋ ಎಂದು ಅದಕ್ಕೆ ಹೇಳಿದ್ದರು. ಅದು ನೆನಪಿಟ್ಟುಕೊಂಡಿತ್ತು. ಒಂದನೇ ತಾರೀಖು ಪಾಸ್‌ವರ್ಡ್ ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಚಾಲೂ ಇದ್ದಷ್ಟು ಹೊತ್ತೂ, ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು, ಮಾಸ್ತರರ ಹೆಸರು ಹೇಳಿ, ಬಾಗಿಲು ಬಡಿಯುತ್ತಲೇ ಇತ್ತು. ಶೆಡ್ಡಿನವರು ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯುತ್ತಿದ್ದರಿಂದ ಅವರಿಗೂ ಇದು ತಿಳಿದಿರಲಿಲ್ಲ.

"ಮನಿಶ್ಯಾ ಬಡದದ್ದಲ್ರಿ. ಮಿಷನ್ ಬಡದದ್ದು," ಎಂದರು ಮುಧೋಳದವರು.

ಚೇರಮನ್ನರು ಕೇಳುತ್ತಾ ನಿಂತಿದ್ದರು. "ಅದ ಇರಲಿ. ಫೋಲ್ಡರ್ ಎಲ್ಲಿ ಹೋತು?"

"ಫೈಲಿಂದು ಸಕ್ಸೆಸ್ ಬಂದ್ ಮಾಡೀರಿ. ಹಕ್ಕಿದ್ದಾಂವ ತಗದ್ರ ಹೆಂಗ ಗೊತ್ತಾಗಬೇಕ್ರಿ? ತಡೀರಿ, ಎಲ್ಲಾರ ಹೆಸರಿನಾಗೂ ಹುಡುಕೂಣು. ಸಾಹೇಬ್ರ, ನಿಮ್ಮ ಪಾಸ್‌ವರ್ಡ್ ಹೊಡೀರಿ."

ಚೇರಮನ್ನರು ಎರಡು ಬೆರಳಿನಿಂದ ಹೊಡೆದರು. ಅವರ ದರಪಟ್ಟಿಗಳ ಫೋಲ್ಡರ್ ತೆರೆಯಿತು. ಅವರಿಗೊಬ್ಬರಿಗೇ ತೆರೆಯುವ ಫೋಲ್ಡರ್. ದರಪಟ್ಟಿಗಳ ನಡುವೆ ತೆನೆ ಅಂಚು ಕೂತಿತ್ತು, ಇಡಿಯಾಗಿ.

ವ್ಯಾಪಾರಿಗೆ ತೋರಿಸುವಾಗ ಮೌಸ್ ಒತ್ತಿ ಹಿಡಿದ ಬೆರಳು ಸರಿದಿದೆ, ಫೋಲ್ಡರ್ ಜಾರಿ ಪಕ್ಕದ ಫೋಲ್ಡರಿನೊಳಗೆ ಬಿದ್ದಿದೆ. ಅಷ್ಟೇ. ಎಲ್ಲರಿಗೂ ಆಗುವಂಥದ್ದು.

"ನಾ ಮುಟ್ಟಿಲ್ಲ," ಎಂದರು ಚೇರಮನ್ನರು. ಪರದೆಯನ್ನು ಇನ್ನೊಮ್ಮೆ ಬಗ್ಗಿ ನೋಡಿ, "ಮುಟ್ಟಿರಬೇಕು," ಎಂದರು. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಒರಟು ಮನುಷ್ಯ, ಆದರೆ ಕೆಟ್ಟವರಲ್ಲ. ಅಲ್ಲಿಂದಲೇ ಮಾಸ್ತರರಿಗೆ ಫೋನ್ ಹಚ್ಚಿದರು. "ಮಾಸ್ತರ, ತೆನಿ ಸಿಕ್ಕೇತ್ರಿ. ನನ್ನ ಕಡೇನ ಇತ್ತು. ಆಗಿದ್ದ ಆತು, ಬಂದಬಿಡ್ರಿ." ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಫೋನ್ ಇಳಿಸಿ, "ಸಿಕ್ಕದ್ದ ಛಲೋ ಆತು ಅಂದ್ರು. ಅಷ್ಟ ಅಂದ್ರು," ಎಂದರು.

ನಾನೇ ಹೋಗುತ್ತೇನೆ ಎಂದೆ.

ಬೀಳಗಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಹಾದಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಗಾಳಿಯಲ್ಲಿ ಕಾಕಂಬಿಯ ಹುಳಿಸಿಹಿ ವಾಸನೆ. ಮಾಸ್ತರರು ಸಕ್ಕರೆ ಕಾರ್ಖಾನೆಯಲ್ಲಿ, ಗಾಡಿ ತೂಗುವ ಕಾಟಾದ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಮೇಜು ಒರೆಸಿದ್ದು, ಪೆನ್ನುಗಳನ್ನು ಸಾಲಾಗಿ ಇಟ್ಟದ್ದು ನೋಡಿಯೇ ಇದು ಇವರ ಮೇಜು ಎಂದು ತಿಳಿಯುತ್ತಿತ್ತು.

"ಬರ್ರಿ ಬಾಯಾರ. ಬಸ್ ಸಿಕ್ತೇನ್ರಿ? ಚಾ ತರಸ್ಲಿ?"

ಬೇರೆಯವರಿಗೆ ಕಾಟಾ ಒಪ್ಪಿಸಿ ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಶೆಡ್ಡಿನ ಕಂಪ್ಯೂಟರ್, ಹಳೆಯ ಪಾಸ್‌ವರ್ಡ್, ಚೇರಮನ್ನರ ಬೆರಳು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು.

"ಬಾಯಾರ, ನಾ ದಿನಾ ಮುಂಜಾನೆ ಸರಿಯಾಗಿ ಬಡದು ಒಳಗ ಹೋಗತಿದ್ದೆ. ತೆನಿ ತಗದು ಕೆಲಸ ಮಾಡತಿದ್ದೆ, ಇಟ್ಟ ಬರತಿದ್ದೆ. ಅದು ಎಲ್ಲೂ ಬರದಿಲ್ಲೇನ್ರಿ?"

"ಇಲ್ಲ," ಎಂದೆ. "ಆ ಗುರುತು ತಗದಿದ್ವಿ."

ಅವರು ಕಾಟಾದ ಕಡೆಗೆ ನೋಡಿದರು. ಆಮೇಲೆ ನಗು ಬಂತು ಅವರಿಗೆ. "ನಾನ ಹೇಳಿದ್ದೆ ಅಲ್ರಿ. ನಡದ ಎಳಿ ಯಾರ ಎಣಸ್ತಾರಂತ."

"ನೀವು ಹೇಳಿದ್ರಿ, ನಾವು ಕೇಳಿದ್ವಿ," ಎಂದೆ.

"ಇಲ್ಲಿ ಎರಡೂ ಬರೀತಾರ್ರಿ. ತುಂಬಿ ಬಂದ ಗಾಡೀನೂ ತೂಗ್ತೇವಿ, ಖಾಲಿ ಹೋಗೂದೂ ತೂಗ್ತೇವಿ."

ನಾನು ಅವರನ್ನು ವಾಪಸು ಬರಲು ಕೇಳಿದೆ. ಚೇರಮನ್ನರು ಸಂಚಾಲಕರ ಎದುರಿಗೇ ಮಾತಾಡುತ್ತಾರೆ, ಕುರ್ಚಿ ಹಾಗೆಯೇ ಇದೆ, ಪಾಸ್‌ವರ್ಡ್ ಬದಲಿಸುವ ನಿಯಮವನ್ನೂ ತೆಗೆಯುತ್ತೇನೆ ಎಂದೆ. ನಿಯಮ ತೆಗೆಯುವ ಮಾತು ನನ್ನ ಬಾಯಲ್ಲಿ ಬಂದದ್ದು ಕೇಳಿ ಅವರು ಹುಬ್ಬೇರಿಸಿದರು.

"ಅದನ್ನೇನೂ ತಗೀಬ್ಯಾಡ್ರಿ. ಛಲೋ ನಿಯಮ ಅದು." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನಗ ಸಿಟ್ಟಿಲ್ರಿ ಬಾಯಾರ, ಖರೆ ಹೇಳ್ತೇನಿ. ಆದ್ರ ನಾಳಿ ಮತ್ತ ಏನರ ಕಾಣಸ್ದಂಗ ಆದ್ರ, ಎಲ್ಲಾರೂ ಮೊದಲ ನನ್ನ ಕಡೆ ನೋಡ್ತೀರಿ. ನೀವು ನೋಡಲಿಲ್ಲ ಅಂದ್ರೂ ನೋಡಿದಂಗ ಅನಸ್ತೈತಿ ನನಗ. ಹಂಗ ಅನಸ್ಕೋತ ಕುಂತ್ರ ತೆನಿಗೆ ಬಾಗ ತರಾಕ ಬರೂದಿಲ್ರಿ."

ಚಹಾ ಕುಡಿದೆವು. ಬಸ್ಸಿನ ಹೊತ್ತಾಯಿತು. ಅವರು ಗೇಟಿನ ತನಕ ಬಂದರು.

"ತೆನಿ ನೇಸ್ರಿ. ಸಂಘದ್ದ ಅದು," ಎಂದರು. "ಸೆರಗ ಕೂಡೂ ಮೂಲ್ಯಾಗ ಒಂದ ತೆನಿ ಉಲ್ಟಾ ಬಾಗೇತಿ. ತಿದ್ದೂದು ಉಳದಿತ್ತು. ಹೊಸದಾಗಿ ಯಾರ್ ಬರ್ತಾರ, ಅವರಿಗೆ ಹೇಳ್ರಿ."

ಹೇಳಿದೆ. ಹೊಸಬರು ತಿದ್ದಿದರು. ಸೀರೆ ಓಡಿತು, ಈಗಲೂ ಓಡುತ್ತಿದೆ. ಚೇರಮನ್ನರು ವ್ಯಾಪಾರಿಗಳಿಗೆ ತೋರಿಸುವಾಗ ಮೌಸಿನಿಂದ ಕೈ ದೂರವಿಟ್ಟು, ಬೆರಳಿನಿಂದ ಪರದೆ ಮುಟ್ಟಿ ತೋರಿಸುತ್ತಾರೆ. ಪರದೆಯ ಮೇಲೆ ಎಣ್ಣೆಯ ಕಲೆ ಬೀಳುತ್ತದೆ. ನಾನು ಒರೆಸುತ್ತೇನೆ, ಬೈಯುವುದಿಲ್ಲ.

ಮುಧೋಳದವರು ಎಲ್ಲವನ್ನೂ ಮತ್ತೆ ಹೊಂದಿಸಿಕೊಟ್ಟಿದ್ದಾರೆ. ಈಗ ಎರಡೂ ಚೌಕಗಳಿಗೆ ಗುರುತಿದೆ. ವಿನ್ಯಾಸಗಳ ಫೋಲ್ಡರಿನಲ್ಲಿ ತೆರೆದದ್ದನ್ನೆಲ್ಲ ಬರೆಯದೆ, ತಿದ್ದಿದ್ದು, ಅಳಿಸಿದ್ದು, ಸರಿಸಿದ್ದನ್ನಷ್ಟೇ ಬರೆಯುವ ಹಾಗೆ ಮಾಡಿದ್ದಾರೆ. ಅದಕ್ಕೆ ಸಾಲುಗಳು ಸುರಿಯುವುದಿಲ್ಲ.  ಬರೆದುಕೊಳ್ಳುವ ಜಾಗವನ್ನು ಹಿಗ್ಗಿಸಿದ್ದಾರೆ, ತುಂಬಿದರೆ ಅಳಿಸದೆ ಬೇರೆ ಕಡೆ ಕಟ್ಟಿಡುತ್ತದೆ. ಇಷ್ಟು ಮೊದಲೇ ಮಾಡಬಹುದಿತ್ತೇ ಎಂದು ಕೇಳಿದೆ. ಮಾಡಬಹುದಿತ್ತು ಎಂದರು.

ಶೆಡ್ಡಿನ ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಹಳೆಯ ಪಾಸ್‌ವರ್ಡನ್ನು ಅಳಿಸಿದರು. ಅಂದಿನಿಂದ ಬಡಿತ ನಿಂತಿತು. ಹೊರಡುವಾಗ, "ಮಾಸ್ತರ ಹೆಸರು ತಗದಬಿಡ್ಲೇನ್ರಿ ಕಂಪ್ಯೂಟರಿನಾಗಿಂದ?" ಎಂದು ಕೇಳಿದರು. "ಬಂದ್ ಮಾಡಿ ಇಡ್ರಿ, ತಗೀಬ್ಯಾಡ್ರಿ" ಎಂದೆ.

ಈಗ ಬೆಳಿಗ್ಗೆ ಓದುವಾಗ ಕೀಲಿಗಳನ್ನು ಬೇಗ ದಾಟಿ ಕೀಲಿಕೈಗಳನ್ನು ನಿಧಾನವಾಗಿ ಓದುತ್ತೇನೆ. ಹೊಸಬರು ಬಂದದ್ದು, ಚೇರಮನ್ನರು ಬಂದದ್ದು, ನಾನು ಬಂದದ್ದು, ಎಲ್ಲ ಇದೆ. ಮೊದಲ ದಿನಗಳಲ್ಲಿ, ಎರಡೂ ಗುರುತು ಇದ್ದಾಗ, ಮಾಸ್ತರರ ಹೆಸರಿನ ಮುಂದೆಯೂ ಕೀಲಿಕೈಗಳು ಸಾಲಾಗಿ ಇದ್ದವು. ಓದಿ ಮುಗಿಯುವುದಿಲ್ಲವೆಂದು ನಾವು ಬೇಸರಪಟ್ಟದ್ದು ಅವುಗಳಿಗೇ. ಅಂದು ನಾನು ಹಳೆಯದನ್ನು ಖಾಲಿ ಮಾಡಿದಾಗ ಅವೆಲ್ಲ ಅಳಿಸಿಹೋದವು. ಬೇರೆ ಕಡೆ ಕಟ್ಟಿಟ್ಟ ಹಳೆಯದರಲ್ಲೂ ಹುಡುಕಿ ನೋಡಿದ್ದೇನೆ. ಕೀಲಿ ಬಿದ್ದ ಸಾಲುಗಳು ಬೇಕಾದಷ್ಟಿವೆ. ಅವರು ಸರಿಯಾಗಿ ಒಳಗೆ ಬಂದು ಕೆಲಸ ಮಾಡಿ ಹೋದ ಒಂದು ಸಾಲೂ ನಮ್ಮಲ್ಲಿ ಇಲ್ಲ.